ಬಾಕಿದಾರರನ್ನು ಒಳಗೆ ಬಿಡುತ್ತಿದ್ದ ಬಾಗಿಲು

ಸಿಕ್ಕಿತು! ನಾಲ್ಕು ರಾತ್ರಿ ನಿದ್ದೆ ಕೆಡಿಸಿದ ದೋಷ ಒಂದು ಅಂಕಿಯಲ್ಲಿತ್ತು. 10 ಇದ್ದಲ್ಲಿ 30 ಬೇಕಿತ್ತು, ಅಷ್ಟೇ.

ನಮ್ಮ ತಾಳಮದ್ದಳೆ ಧ್ವನಿಮುದ್ರಣಗಳ ವರ್ಡ್‌ಪ್ರೆಸ್ ತಾಣಕ್ಕೆ ಚಂದಾ ಮುಗಿದವರು ಲಾಗಿನ್ ಆಗಬಾರದು. ತಾನಾಗಿ ಓಡುವ ಕೋಡ್ ಇಡುವ ಎಂಯು-ಪ್ಲಗಿನ್ಸ್ ಫೋಲ್ಡರಿನಲ್ಲಿ ಪುಟ್ಟ ಕಡತ, ಲಾಗಿನ್ ತಪಾಸಣೆ ನಡೆಯುವ ‘ಅಥೆಂಟಿಕೇಟ್’ ಫಿಲ್ಟರಿಗೆ ಒಂದು ಫಂಕ್ಷನ್ (ಕೋಡಿನ ತುಣುಕು), ಬಾಕಿ ಇದ್ದರೆ ‘ಡಬ್ಲ್ಯುಪಿ ಎರರ್’ ಎಂಬ ತಪ್ಪಿನ ಸೂಚನೆ ವಾಪಸ್. ಯಾವ ಫಂಕ್ಷನ್ ಮೊದಲು ಓಡಬೇಕೆಂದು ಹೇಳುವ ಆದ್ಯತೆಯ ಜಾಗದಲ್ಲಿ (ಚಿಕ್ಕ ಸಂಖ್ಯೆಯದು ಮೊದಲು) ಕೈ ತಾನಾಗಿ 10 ಎಂದು ಬರೆದಿತ್ತು.

ಮರುದಿನವೇ ಖಜಾಂಚಿಗಳ ಫೋನ್: “ಬಾಕಿ ಇಟ್ಟವರೆಲ್ಲ ಆರಾಮಾಗಿ ಕೇಳುತ್ತಿದ್ದಾರಲ್ಲ ಮಾರಾಯರೇ!”

ಲಾಗ್ ಕಡತದಲ್ಲಿ ನೋಡಿದರೆ ನನ್ನ ಎರರ್ ಚೆನ್ನಾಗಿಯೇ ಬಿದ್ದಿದೆ. ಆಸಾಮಿ ಮಾತ್ರ ಒಳಗೆ ಕುಳಿತಿದ್ದಾನೆ. ಹೋಸ್ಟಿಂಗ್‌ನವರಿಗೆ ಬರೆದೆ. ಮೂರು ಸಲವೂ ಒಂದೇ ಉತ್ತರ: ಬ್ರೌಸರ್ ಕ್ಯಾಶ್ ಅಳಿಸಿ. ಕೊನೆಗೆ 21ರಲ್ಲಿ ಇನ್ನೊಂದು ಫಂಕ್ಷನ್ ಕೂರಿಸಿ, ಅಲ್ಲಿಗೆ ಏನು ತಲುಪುತ್ತಿದೆ ಎಂದು ಮುದ್ರಿಸಿದೆ. ಎರರ್ ಮಾಯ! ಅದರ ಜಾಗದಲ್ಲಿ ಠಾಕುಠೀಕಾದ ‘ಡಬ್ಲ್ಯುಪಿ ಯೂಸರ್’, ಅಂದರೆ ಒಳಬಿಡಬಹುದಾದ ಬಳಕೆದಾರ.

ಪಾಸ್‌ವರ್ಡ್ ನೋಡುವ ಮೂಲ ಫಂಕ್ಷನ್ ಕೂತಿರುವುದು 20ರಲ್ಲಿ. ಹಿಂದಿನವರು ಕೊಟ್ಟ ಎರರನ್ನು ಅದು ಗಮನಿಸುವುದು ಹೆಸರೋ ಪಾಸ್‌ವರ್ಡೋ ಖಾಲಿ ಇದ್ದಾಗ ಮಾತ್ರ. ಎರಡೂ ತುಂಬಿದ್ದರೆ ತನ್ನ ಪಾಡಿಗೆ ತಾನು ಪರೀಕ್ಷಿಸಿ, ಸರಿಯಿದ್ದರೆ ಬಳಕೆದಾರನನ್ನು ಮುಂದಕ್ಕೆ ಕಳಿಸುತ್ತದೆ. ತಾಳಮದ್ದಳೆಯವರಿಗೆ ಇದು ಹೊಸತಲ್ಲ, ಕೊನೆಗೆ ಮಾತಾಡಿದ ಅರ್ಥಧಾರಿಯದೇ ಮೇಲುಗೈ. ನನ್ನ ಫಂಕ್ಷನನ್ನು 30ಕ್ಕೆ ತಳ್ಳಿದೆ, ಬಾಗಿಲು ಮುಚ್ಚಿತು.

ಪೂರ್ತಿ ಮುಚ್ಚಿರಲಿಲ್ಲ ಅನ್ನಿ. ‘ನೆನಪಿಡು’ ಒತ್ತಿ ಮೊದಲೇ ಒಳಹೊಕ್ಕವರ ಕುಕಿ 14 ದಿನ ಬಾಳುತ್ತದೆ, ಅವರು ಈ ಫಿಲ್ಟರಿನ ಹತ್ತಿರವೂ ಸುಳಿಯುವುದಿಲ್ಲ. ಚಂದಾ ಮುಗಿದ ದಿನವೇ, ಲಾಗಿನ್ ಉಳಿಸಿಕೊಡುವ ಅವರ ಸೆಷನ್ ಟೋಕನ್‌ಗಳನ್ನೆಲ್ಲ ಅಳಿಸುವ ಸಾಲನ್ನೂ ಸೇರಿಸಿದೆ. ಖಜಾಂಚಿಗಳು ಇನ್ನೂ ಫೋನ್ ಮಾಡಿಲ್ಲ.

ಮುಂದಿನದು ಮೊಬೈಲ್ ಸಂಖ್ಯೆಯಿಂದ ಲಾಗಿನ್. ಒಟಿಪಿ ಆಸೆ ಬಿಟ್ಟಿದ್ದೇನೆ: ಎಸ್ಸೆಮ್ಮೆಸ್ ಮಾರುವವರು ದುಡ್ಡು ಕಟ್ಟಿಸಿಕೊಂಡ ಮೇಲೆಯೇ, ಇಂಥ ಎಸ್ಸೆಮ್ಮೆಸ್ ಕಳಿಸಲು ಬೇಕಾದ ಡಿಎಲ್‌ಟಿ ನೋಂದಣಿಯ ಸುದ್ದಿ ತೆಗೆದರು. ಸಂಖ್ಯೆಯೊಂದಿಗೆ ಪಾಸ್‌ವರ್ಡ್ ಸಾಕು. ಆದರೆ ನಮ್ಮ ಹಿರಿಯ ಭಾಗವತರು ಸಂಖ್ಯೆಯನ್ನು ೯೮ ಎಂದು ಕನ್ನಡದಲ್ಲೇ ಒತ್ತುತ್ತಾರೆ. ವರ್ಡ್‌ಪ್ರೆಸ್‌ನ ಭಾಷೆಯಾದ ಪಿಎಚ್‌ಪಿಯಲ್ಲಿ ಅದನ್ನು ಪೂರ್ಣಾಂಕವಾಗಿಸಿದರೆ ಸೊನ್ನೆ ಬರುತ್ತದೆ. ಹತ್ತು ಅಂಕಿಗಳ ಬದಲಿ ಪಟ್ಟಿ ಬರೆದಾಯಿತು, ಇನ್ನು +91, ಮೊದಲಲ್ಲಿ ಬರುವ 0, ನಡುವಿನ ಖಾಲಿ ಜಾಗಗಳ ಸರದಿ.