‘ಡ್ರ್ಯಾಗಲ್’ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು

ಇಂಗ್ಲಿಷಿನ ‘ಡ್ರ್ಯಾಗಲ್’ ಕ್ರಿಯಾಪದವನ್ನು ‘ಒದ್ದೆಯಾಗಿ ಕೊಳಕಾಗು’ ಎಂದಷ್ಟೇ ಉರು ಹೊಡೆದ ಮಕ್ಕಳು ಚಹಾ ಚೆಲ್ಲಿದ ಅಂಗಿಗೂ ಅದನ್ನೇ ಬರೆಯುತ್ತಾರೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಇದನ್ನು ಕಲಿಸಲು ಆಟಿ ತಿಂಗಳ, ಅಂದರೆ ಜೋರು ಮಳೆಗಾಲದ, ರಸ್ತೆಯೇ ಸಾಕು. ಮುಂಡು ಎತ್ತಿ ಕಟ್ಟದೆ ಬದಿಯಡ್ಕ ಪೇಟೆಯಲ್ಲಿ ನಡೆದರೆ ಅಂಚು ನೆಲಕ್ಕೆ ತಾಗಿ ಎಳೆಯುತ್ತದೆ, ನೀರು ಬಟ್ಟೆಯಲ್ಲಿ ಮೇಲೇರುತ್ತದೆ, ಮುರಕಲ್ಲಿನ ಕೆಂಪು ಮಣ್ಣು ಅಂಚಿಗೇ ಅಂಟಿಕೊಳ್ಳುತ್ತದೆ. ಡ್ರ್ಯಾಗಲ್ ಎಂದರೆ ಇದೇ. ಒದ್ದೆ ಮತ್ತು ಕೊಳೆಯ ಜೊತೆಗೆ ಎಳೆತವೂ ಬೇಕು.

ಆ ಎಳೆತ ಪದದ ಹುಟ್ಟಿನಲ್ಲೇ ಇದೆ. ‘ಡ್ರ್ಯಾಗ್’ ಅಂದರೆ ಎಳೆ; ಕೊನೆಯ ‘ಲ್’ ಕೆಲಸ ಮತ್ತೆ ಮತ್ತೆ ನಡೆಯುವುದನ್ನು ಸೂಚಿಸುತ್ತದೆ. ‘ವ್ಯಾಗ್’ನಿಂದ ‘ವ್ಯಾಗಲ್’ ಬಂದದ್ದೂ ಹೀಗೇ. 16ನೇ ಶತಮಾನದಿಂದ ಬಳಕೆಯಲ್ಲಿರುವ ಪದ ಇದು.

ವಾಕ್ಯ ಕಟ್ಟುವಾಗ ಎರಡು ದಾರಿ. ‘ಹರ್ ಸ್ಕರ್ಟ್ ಡ್ರ್ಯಾಗಲ್ಡ್ ಇನ್ ದ ಮಡ್’ ಎಂದರೆ ಲಂಗ ತಾನೇ ಕೆಸರಿನಲ್ಲಿ ಎಳೆದು ಕೊಳೆಯಾಯಿತು; ಕರ್ಮಪದ ಬೇಡ. ‘ಶಿ ಡ್ರ್ಯಾಗಲ್ಡ್ ಹರ್ ಸ್ಕರ್ಟ್ ಥ್ರೂ ದ ಮಡ್’ ಎಂದರೆ ಅವಳೇ ಹಾಗೆ ಮಾಡಿಕೊಂಡಳು. ಮೊದಲ ದಾರಿಯಲ್ಲಿ ಕರ್ತೃವಾಗಿ ಲಂಗ, ಸೆರಗು, ಬಾಲ, ಅಂದರೆ ಜೋತುಬೀಳುವ ವಸ್ತುಗಳೇ ಹೊಂದುತ್ತವೆ. ಹಿಂದೆ ಬಿದ್ದು ನಿಧಾನವಾಗಿ ಬರುವುದಕ್ಕೂ ಈ ಪದ ಉಂಟು, ಆದರೆ ಅಪರೂಪ.

ಬಸ್ಸಿನ ಚಕ್ರದಿಂದ ಕೆಸರು ಹಾರಿದರೆ ‘ಸ್ಪ್ಯಾಟರ್ಡ್’. ಬರೀ ಮಳೆಗೆ ತೊಯ್ದು ಚಂಡಿಯಾದರೆ ‘ಡ್ರೆಂಚ್ಡ್’. ಚಹಾದ ಕಲೆ ‘ಸ್ಟೇನ್’. ಬೇಸಿಗೆಯ ಕೆಂಪು ಧೂಳು ಕೂತ ಬಟ್ಟೆ ಎಷ್ಟು ಕೊಳಕಾದರೂ ಒಣಗಿದೆಯಲ್ಲ, ‘ಡಸ್ಟಿ’ ಎಂದರಾಯಿತು.

ನಿಜ ಹೇಳಬೇಕೆಂದರೆ ಇಂದಿನ ಇಂಗ್ಲಿಷಿನಲ್ಲಿ ಡ್ರ್ಯಾಗಲ್ ಕಣ್ಣಿಗೆ ಬೀಳುವುದೇ ಕಡಿಮೆ. ಓಡಾಡುವುದು ‘ಬಿಡ್ರ್ಯಾಗಲ್ಡ್’, ಅದೂ ವಿಶೇಷಣವಾಗಿ. ಅದರ ಹರವೂ ದೊಡ್ಡದು. ಕೊಡೆ ಇಲ್ಲದೆ ಬಂದು ಕೂದಲು ಹಣೆಗಂಟಿಸಿಕೊಂಡು ನಿಂತವರು, ತೆಂಗಿನ ಗರಿಯ ಮೇಲೆ ರೆಕ್ಕೆ ಜೋತುಬಿಟ್ಟ ಕಾಗೆ, ಪಾಚಿ ಹಿಡಿದು ಸುಣ್ಣ ಕಿತ್ತ ಕಟ್ಟಡ, ಎಲ್ಲಕ್ಕೂ ನಡೆಯುತ್ತದೆ. ಇಲ್ಲಿ ನೆಲಕ್ಕೆ ಎಳೆದಿರಲೇಬೇಕೆಂದಿಲ್ಲ. ಕಳೆಗುಂದಿ ಸೊರಗಿದ ನೋಟವಿದ್ದರೆ ಸಾಕು. ಪರೀಕ್ಷೆಯ ಪ್ರಬಂಧದಲ್ಲಿ ಮಳೆಯಲ್ಲಿ ನೆನೆದವರನ್ನು ವರ್ಣಿಸುವುದಿದ್ದರೆ ನಾನು ಸೂಚಿಸುವುದು ಇದನ್ನೇ: ‘ವಿ ರೀಚ್ಡ್ ಹೋಮ್ ವೆಟ್ ಆ್ಯಂಡ್ ಬಿಡ್ರ್ಯಾಗಲ್ಡ್’. ಕ್ರಿಯಾಪದವಾಗಿ ‘ಬಿಡ್ರ್ಯಾಗಲ್’ ಬಳಸುವುದಾದರೆ ಕರ್ಮಪದ ಬೇಕೇ ಬೇಕು: ಮಳೆ ಅವರನ್ನು ಹಾಗೆ ಮಾಡಿತು ಎನ್ನಬಹುದು, ಅವರೇ ಹಾಗಾದರು ಎನ್ನಲಾಗದು.

‘ಡ್ರ್ಯಾಗಲ್‌ಟೇಲ್’ ಎಂಬ ನಾಮಪದವೂ ಸಿಕ್ಕೀತು. ಅದು ಹೆಂಗಸರನ್ನು ಕೊಳಕಿ ಎಂದು ಹಳಿಯುವ ಹಳೆಯ ಬೈಗುಳ; ಉತ್ತರಪತ್ರಿಕೆಗೆ ಬೇಡ. ಕಾಗುಣಿತದಲ್ಲಿ ಎರಡು ‘ಜಿ’, ಆಮೇಲೆ ‘ಎಲ್‌ಇ’. ಭೂತಕಾಲಕ್ಕೆ ಬರೇ ‘ಡಿ’ ಸೇರಿಸಿದರಾಯಿತು. ನಡುವಿನ ‘ಎಲ್’ ಬಿಟ್ಟುಹೋದರೆ ಅದು ‘ಡ್ರ್ಯಾಗ್ಡ್’ ಆಗಿ, ಲಂಗವನ್ನು ಸುಮ್ಮನೆ ಎಳೆದುಕೊಂಡು ಹೋದಂತಾಗುತ್ತದೆ.