ಗೆರೆ ಮೇಲಿನ ಶಬ್ದ: ಒಂಬತ್ತನೇ ಕ್ಲಾಸಿನ ಕಾನ್ಸೆಪ್ಟ್ ಮ್ಯಾಪ್ ಲಾಗು, ಇಲ್ಲಿವರೆಗೆ

ಜೂನ್, ಎರಡನೇ ವಾರ

ಈ ವರ್ಷ ಒಂದು ಹುಚ್ಚು ಹಿಡಿಸ್ಕೊಂಡಿದ್ದೇನೆ. ಬರೆದಿಡದಿದ್ರೆ ಫೆಬ್ರವರಿ ಹೊತ್ತಿಗೆ ಎಂತ ಮಾಡಿದ್ದೆ ಹೇಳಿ ನಂಗೇ ನೆನಪಿರೂದಿಲ್ಲ, ಅದಕ್ಕೆ ಈ ಲಾಗು. ನಾನು ಕುಮಟಾ ಕಡೆ ಒಂದು ಹೈಸ್ಕೂಲಲ್ಲಿ ವಿಜ್ಞಾನದ ಅಕ್ಕೋರು. ಕಳೆದ ವರ್ಷ ಒಂಬತ್ತನೇ ಕ್ಲಾಸಲ್ಲಿ "ಆವಿಯಾಗುವಿಕೆ ಎಂದರೇನು?" ಪ್ರಶ್ನೆಗೆ 28ರಲ್ಲಿ 23 ಜನ ಪೂರ್ತಿ ಮಾರ್ಕ್ಸ್ ತಕಂಡಿದ್ರು, ನಾನೂ ಖುಷಿಲಿದ್ದೆ. ಮರುದಿನ ಕ್ಲಾಸಲ್ಲಿ ಯಾರದ್ದೋ ಬಾಟ್ಲಿ ನೀರು ನೆಲಕ್ಕೆ ಚೆಲ್ಲಿ ಒಂದು ಪಿರಿಯಡ್ ಮುಗಿಯೂದ್ರೊಳಗೆ ಒಣಗಿತ್ತು, "ನೀರು ಎಲ್ಲಿ ಹೋಯ್ತೇ?" ಕೇಳಿದ್ದಕ್ಕೆ ಆ 23ರಲ್ಲಿ ಒಬ್ಳು "ನೆಲ ಕುಡ್ದುಬಿಡ್ತು ಮೇಡಂ" ಅಂದ್ಳು. ಸ್ಟೀಲ್ ತಾಟಿಗೆ ಚೆಲ್ಲಿದ್ರೆ ತಾಟು ಕುಡೀತದಾ ಅಂದ್ರೆ ಸುಮ್ನೆ ನಿಂತ್ಲು. ಅವಳ ಉತ್ತರಪತ್ರಿಕೆ ತಿರುಗಿ ತೆಗ್ದು ನೋಡ್ದೆ, ವ್ಯಾಖ್ಯೆ ಅಕ್ಷರ ತಪ್ಪದೆ ಬರ್ದಿದ್ಳು.

ಅದಕ್ಕೇ ಈ ಸಲ ಕಾನ್ಸೆಪ್ಟ್ ಮ್ಯಾಪ್. ಪುಸ್ತಕದ ಕನ್ನಡದಲ್ಲಿ ಪರಿಕಲ್ಪನಾ ನಕ್ಷೆ. ಟ್ರೇನಿಂಗಲ್ಲೆಲ್ಲ ಮೈಂಡ್ ಮ್ಯಾಪ್ ಹೇಳಿ ನಡೂಕೆ ಒಂದು ಶಬ್ದ ಬರ್ದು ಸುತ್ತ ಕೊಂಬೆ ಎಳಸ್ತಾರಲ್ಲ, ಅದಲ್ಲ ಇದು. ಇಲ್ಲಿ ಎರಡು ಪರಿಕಲ್ಪನೆ ನಡುವೆ ಬಾಣದ ಗೆರೆ, ಆ ಗೆರೆ ಮೇಲೆ ಅವೆರಡನ್ನೂ ಜೋಡಿಸೋ ಶಬ್ದ, ಮೂರೂ ಸೇರಿ ಒಂದು ವಾಕ್ಯ ಆಗ್ಬೇಕು. ಇದನ್ನ ಶುರು ಮಾಡಿದ್ದು ಅಮೆರಿಕದ ಕಾರ್ನೆಲ್ ಯೂನಿವರ್ಸಿಟಿಯ ಜೋಸೆಫ್ ನೊವಾಕ್ ಮತ್ತೆ ಅವರ ಜೊತೆಯವ್ರು, 1972ರಲ್ಲಿ. ಸಣ್ಣ ಮಕ್ಕಳಿಗೆ ವಿಜ್ಞಾನ ಕಲಿಸಿ, 12 ವರ್ಷ ಅವರ ಬೆನ್ನಿಗೆ ಬಿದ್ದು ಇಂಟರ್ವ್ಯೂ ಮಾಡ್ತಾ ಹೋದ್ರು, ಆ ಮಾತುಕತೆಯ ಕಾಗದದ ರಾಶಿಯಲ್ಲಿ ಮಗುವಿನ ತಿಳುವಳಿಕೆ ಎಲ್ಲಿ ಬದಲಾಯ್ತು ಹೇಳಿ ಹುಡ್ಕೂದೇ ಕಷ್ಟ ಆಯ್ತು, ಅದನ್ನ ಚಿತ್ರ ಮಾಡಿ ಇಟ್ರೆ ಹೇಗೆ ಅಂತ ಹೊರಟಿದ್ದು ಇದು. ಇದ್ರ ಹಿಂದೆ ಅಮೆರಿಕದ ಮನಃಶಾಸ್ತ್ರಜ್ಞ ಡೇವಿಡ್ ಆಸುಬೆಲ್ ಅವರ ವಿಚಾರ ಇತ್ತು, ಮಗುವಿಗೆ ಮೊದಲೇ ಎಂತ ಗೊತ್ತುಂಟು ಅನ್ನೂದೇ ಕಲಿಕೆಲಿ ಎಲ್ಲಕ್ಕಿಂತ ದೊಡ್ಡದು ಅಂತ 1968ರಲ್ಲೇ ಬರ್ದಿದ್ರು. ಬಿ.ಎಡ್.ನಲ್ಲಿ ಇಬ್ಬರ ಹೆಸರೂ ಬಾಯಿಪಾಠ ಮಾಡಿದ್ದೆ. ನಾನೂ ಆ 23ರಲ್ಲಿ ಒಬ್ಳೇ ಬಿಡಿ.

ಜೂನ್ ಕೊನೆ

ಮೊದಲ ದಿನ "ಇವತ್ತು ನಕ್ಷೆ ಮಾಡೂದು" ಅಂದಿದ್ದೇ ತಡ, ಅರ್ಧ ಕ್ಲಾಸು ಬ್ಯಾಗಿಂದ ಅಟ್ಲಾಸ್ ತೆಗೀತು. ಸರಿ, ಇನ್ಮುಂದೆ ಮ್ಯಾಪ್ ಅಂತಲೇ ಹೇಳೂದು ಅಂತ ಮಾಡ್ದೆ.

ವಿಜ್ಞಾನಕ್ಕೆ ಮೊದ್ಲು ಬಂಗಡೆ ಸಾರಿನ ಮ್ಯಾಪ್ ಮಾಡ್ಸಿದೆ. ಜೂನಲ್ಲಿ ಬೋಟು ಬಂದ್, ಬಂಗಡೆ ಕಣ್ಣಿಗೆ ಬೀಳದ ತಿಂಗಳು, ಆದ್ರೂ ಕ್ಲಾಸಿಗೆ ಬಾಯಲ್ಲಿ ನೀರು. ತೆಂಗಿನಕಾಯಿ, ಮೆಣಸು, ಹುಳಿ, ಜುಮ್ಮನಕಾಯಿ ಎಲ್ಲ ಬೋರ್ಡಿಗೆ ಬಂತು. ಗೆರೆ ಎಳೀತಾರೆ, ಗೆರೆ ಮೇಲೆ ಎಂತದೂ ಬರೆಯೂದಿಲ್ಲ. ಬರೀರಿ ಅಂದ್ರೆ "ಮತ್ತು" ಬರೀತಾರೆ, ಇಲ್ಲಾ "ಸಂಬಂಧ ಇದೆ" ಬರೀತಾರೆ. ಆವತ್ತೇ ಆ ಎರಡೂ ಶಬ್ದಕ್ಕೆ ನಿಷೇಧ ಹಾಕ್ದೆ. "ಜುಮ್ಮನಕಾಯಿ ಎಂತ ಮಾಡ್ತದೆ ಹೇಳು" ಅಂದಾಗ ಒಬ್ಬ "ವಾಸನೆ ತೆಗೀತದೆ" ಅಂದ, ಇನ್ನೊಬ್ಳು "ಪರಿಮಳ ಕೊಡ್ತದೆ" ಅಂದ್ಳು, ಹತ್ತು ನಿಮಿಷ ಜಗಳ. ಮ್ಯಾಪ್ ಅಂದ್ರೆ ಇದೇ ಅಂದೆ.

ಆಮೇಲೆ ದ್ರವ್ಯದ ಪಾಠಕ್ಕೆ ಬಂದೆ. ಹಳೆ ಮದುವೆ ಕಾರ್ಡು ಮನೇಲಿ ಒಂದು ಚೀಲ ಇತ್ತು, ಅದ್ರ ಹಿಂಬದಿ ಕತ್ತರಿಸಿ 14 ಚೀಟಿ ಮಾಡ್ದೆ: ನೀರು, ಆವಿ, ಉಷ್ಣ, ತಾಪಮಾನ, ಕುದಿಯುವಿಕೆ, ಆವಿಯಾಗುವಿಕೆ, ಗಾಳಿ, ಆರ್ದ್ರತೆ, ಮೇಲ್ಮೈ, ಕಣ, ಉಪ್ಪು, ದ್ರಾವಣ, ಮೋಡ, ಬೆವರು. ಒಬ್ಬೊಬ್ರಿಗೆ ಒಂದೊಂದು ಸೆಟ್ಟು, ನಾಕು ನೂರರ ಹತ್ರ ಚೀಟಿ, ಕತ್ತರಿ ಹಿಡ್ದು ಹೆಬ್ಬೆರಳು ಬೊಬ್ಬೆ ಬಂತು. ಮಧ್ಯದ ಪ್ರಶ್ನೆ ಒಂದೇ: "ಒದ್ದೆ ವಸ್ತು ಹೇಗೆ ಒಣಗುತ್ತದೆ?"

ಜುಲೈ

ಮಳೆ ರಜೆ, ಮಳೆ ರಜೆ, ಭಾನುವಾರ, ಮತ್ತೆ ಮಳೆ ರಜೆ. ನಡುವೆ ಸಿಕ್ಕ ದಿನದಲ್ಲಿ 28 ಮ್ಯಾಪು ಕೈಗೆ ಬಂತು. ಐದು ಶೀಟು ಬ್ಯಾಗಲ್ಲೇ ನೆಂದು ಸ್ಕೆಚ್ ಪೆನ್ನು ಹರಡಿ ನಿಜವಾದ ನಕ್ಷೆ ಥರ ಆಗಿತ್ತು, ಅವರ ಹತ್ರ ತಿರುಗಿ ಮಾಡ್ಸಿದೆ.

ನೋಡ್ತಾ ನೋಡ್ತಾ ಮೂರು ಆಕಾರ ಕಂಡ್ತು. ಒಂದು ಬಂಡಿಚಕ್ರ, ನಡೂಕೆ "ನೀರು", ಸುತ್ತ ಎಲ್ಲ ಅದಕ್ಕೇ ಜೋಡ್ಸಿದ್ದು, ತಮ್ಮತಮ್ಮಲ್ಲಿ ಮಾತಿಲ್ಲ. ಇನ್ನೊಂದು ಸರಪಳಿ, ಒಂದರ ಹಿಂದೆ ಒಂದು. ಮೂರನೇದು ಬಲೆ. ಇದು ನಾನು ಕಂಡುಹಿಡಿದಿದ್ದಲ್ಲ, ಇಂಗ್ಲೆಂಡಿನ ಇಯಾನ್ ಕಿಂಚಿನ್ ಮತ್ತೆ ಅವರ ಜೊತೆಯವ್ರು 2000ನೇ ಇಸವಿಲಿ ಇದೇ ಮೂರು ಆಕಾರ ಗುರುತಿಸಿ ಬರ್ದಿದ್ದಾರೆ. ನನ್ನ ಕ್ಲಾಸಲ್ಲಿ ಚಕ್ರ 15, ಸರಪಳಿ 9, ಬಲೆ 4. ಯುನಿಟ್ ಟೆಸ್ಟಲ್ಲಿ ಫಸ್ಟ್ ಬಂದವಳದ್ದು ಚಕ್ರ, ಅದೂ ಸ್ಕೇಲ್ ಹಿಡ್ದು ಎಳೆದ ಚಂದದ ಚಕ್ರ.

ಇನ್ನೊಂದು ವಿಷ್ಯ ನಂಗೆ ಹೆಚ್ಚು ಕಾಡಿದ್ದು. "ಆರ್ದ್ರತೆ" ಚೀಟಿ 19 ಶೀಟಲ್ಲಿ ಮೂಲೇಲಿ ಒಂಟಿ. ಜುಲೈ ತಿಂಗಳು, ಕಿಟಕಿಯಿಂದ ಹೊರಗೆ ಮಳೆ, ಅವ್ರು ಹಾಕಿದ ಯುನಿಫಾರ್ಮು ರಾತ್ರಿಯಿಡೀ ಬಚ್ಚಲ ಒಲೆ ಮೇಲಿನ ಹಗ್ಗದಲ್ಲಿ ನೇತಾಡಿಯೂ ಕಾಲರು ಇನ್ನೂ ತಂಡಿ, ಹೊಗೆ ವಾಸನೆ ಬೇರೆ, ಆದ್ರೆ ಆರ್ದ್ರತೆಗೆ ಜೋಡ್ಸುಕೆ ಎಂತದೂ ಇಲ್ಲ. 28ರಲ್ಲಿ 21 ಜನ "ಆವಿಯಾಗುವಿಕೆ → ಬೇಕು → ಬಿಸಿಲು" ಅಂತ ಬರ್ದಿದ್ರು, ಬಿಸಿಲಿನ ಚೀಟಿ ನಾನು ಕೊಟ್ಟೇ ಇಲ್ಲ, ಅವರೇ ಸೇರ್ಸಿದ್ದು. ಬಿಸಿಲಿಲ್ಲದೆ ನಿಮ್ಮ ಅಂಗಿ ಹೇಗೆ ಒಣಗ್ತು ಅಂತ ಕೇಳ್ದೆ. "ಒಣಗ್ಲಿಲ್ಲ ಮೇಡಂ, ಮುಟ್ಟಿ ನೋಡಿ" ಅಂದ ಹಿಂದಿನ ಬೆಂಚಿನವ. ತಪ್ಪಂತೂ ಅಲ್ಲ ಅವ ಹೇಳಿದ್ದು.

ಆಗಸ್ಟ್

ಮಾರ್ಕ್ಸಿನ ರಗಳೆ. ಎಫ್ಎ (ವರ್ಷದ ನಡುವೆ ಮಾಡೂ ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಗೆ ಇದನ್ನೇ ಹಾಕ್ಬೇಕು ಅಂತ ನನ್ನ ಆಸೆ, ಹಾಕ್ಬೇಕು ಅಂದ್ರೆ ಅಂಕಿ ಬೇಕು. ನೊವಾಕ್ ಮತ್ತೆ ಗೋವಿನ್ 1984ರಲ್ಲಿ ಕೊಟ್ಟ ಲೆಕ್ಕ ಹಿಡ್ಕೊಂಡು ಕೂತೆ: ಸರಿಯಾದ ಒಂದು ಜೋಡಣೆಗೆ 1, ಮೇಲಿಂದ ಕೆಳಗೆ ಒಂದೊಂದು ಹಂತಕ್ಕೆ 5, ಮ್ಯಾಪಿನ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಹಾರೋ ಅಡ್ಡ ಜೋಡಣೆಗೆ 10, ಉದಾಹರಣೆಗೆ 1. ಎರಡು ರಾತ್ರಿ ಕೂತು ಎಲ್ಲ ತಿದ್ದಿದೆ. ಬಂದ ಫಲ ನೋಡಿ ಪೆನ್ನು ಬಿಸಾಕೂ ಅನ್ನಿಸ್ತು. ಒಬ್ಬ "ನೀರು → ಇದೆ → ಮೋಡ", "ನೀರು → ಇದೆ → ಬೆವರು" ಅಂತ "ಇದೆ" ಒಂದರಲ್ಲೇ ಒಂಬತ್ತು ಜೋಡಣೆ ಮಾಡಿ ಒಂಬತ್ತು ಅಂಕ ಗುಡ್ಡೆ ಹಾಕಿದ್ದ, ಒಂದೂ ಸುಳ್ಳಲ್ಲ, ಕೊಡದೇ ಇರುಕಾಗೂದಿಲ್ಲ. ಮತ್ತೆ ಈ ಹಂತದ 5 ಅಂಕ ಪ್ರಾಣಿಗಳ ವರ್ಗೀಕರಣಕ್ಕೆ ಸರಿ, ಬಟ್ಟೆ ಒಣಗೂದ್ರಲ್ಲಿ ಮೇಲಿನ ಹಂತ ಯಾವ್ದು ಕೆಳಗಿಂದು ಯಾವ್ದು?

ಅಮೆರಿಕದ ಸಂಶೋಧಕರು ರೂಯಿಸ್-ಪ್ರಿಮೊ ಮತ್ತೆ ಶಾವೆಲ್ಸನ್ 1996ರಲ್ಲಿ ಇದೇ ತಕರಾರು ಎತ್ತಿದ್ರು: ಮ್ಯಾಪು ಒಂದನ್ನೇ ಪರೀಕ್ಷೆ ಅಂದ್ರೆ ಆಗೂದಿಲ್ಲ, ಮಗುವಿಗೆ ಕೊಟ್ಟ ಕೆಲಸ ಎಂತದು, ಮಗು ಯಾವ ರೂಪದಲ್ಲಿ ಉತ್ತರ ಕೊಡ್ತದೆ, ಅಂಕ ಹೇಗೆ ಹಾಕ್ತೀರಿ, ಮೂರೂ ಸೇರಿದ್ರೆ ಪರೀಕ್ಷೆ ಅಂತ. ಚೀಟಿ ನಾವೇ ಕೊಡೂದೂ, ಖಾಲಿ ಹಾಳೆ ಕೊಟ್ಟು ನೀವೇ ಮಾಡಿ ಅನ್ನೂದೂ, ಅರ್ಧ ಮಾಡಿದ ಮ್ಯಾಪಲ್ಲಿ ಬಿಟ್ಟ ಜಾಗ ತುಂಬ್ಸೂದೂ ಒಂದೇ ಅಲ್ಲ. ಬಿಟ್ಟ ಜಾಗದ್ದು ಒಂದು ಸಲ ಮಾಡಿ ನೋಡ್ದೆ, ತಿದ್ದೂದು ಹತ್ತು ನಿಮಿಷದ ಕೆಲಸ, ಎಲ್ಲರಿಗೂ ಎಂಟೊಂಬತ್ತು ಅಂಕ, ನಂಗೆ ಸಿಕ್ಕಿದ್ದು ಮಾತ್ರ ಸೊನ್ನೆ.

ಕಂಪ್ಯೂಟರಲ್ಲಿ ಮಾಡ್ಸೂ ಪ್ರಯತ್ನ ಕರೆಂಟು ತಿಂದು ಹಾಕ್ತು, ಅದ್ರ ಬಗ್ಗೆ ಇಷ್ಟೇ.

ಸೆಪ್ಟೆಂಬರ್, ಚೌತಿ ಕಳೆದ ಮೇಲೆ

ಇದು ಬರೀಲೇಬೇಕು, ಇಡೀ ವರ್ಷದಲ್ಲಿ ನಂಗೆ ತಲೆ ತಿರುಗಿಸಿದ್ದು ಇದೇ.

ಈ ಬಾಣದ ಪದ್ಧತಿ ಇಂಗ್ಲಿಷಿಗೆ ಹುಟ್ಟಿದ್ದು. ಅಲ್ಲಿ ಕ್ರಿಯಾಪದ ನಡುವೆ ಬರ್ತದೆ, ಹಾಗಾಗಿ ಚೀಟಿ, ಗೆರೆ, ಚೀಟಿ ಅಂತ ಎಡದಿಂದ ಓದಿದ್ರೆ ಅದೇ ವಾಕ್ಯ. ನಮ್ಮಲ್ಲಿ ಕ್ರಿಯಾಪದ ಕೊನೆಗೆ, ನಡುವಿನ ಕೆಲಸ ಎಲ್ಲ ವಿಭಕ್ತಿ ಮಾಡ್ತದೆ. "ಗಾಳಿ → ಹೆಚ್ಚಿಸುತ್ತದೆ → ಆವಿಯಾಗುವಿಕೆ" ಅಂತ ಬರೆದ್ರೆ ಅದು ಕನ್ನಡವೇ ಅಲ್ಲ, ಓದುವವ್ರು "-ಅನ್ನು" ಸೇರಿಸ್ಕೊಂಡು ತಿರುಗಿಸಿ ಓದ್ಬೇಕು. ಅಂದ್ರೆ ಎಲ್ಲ 28 ಶೀಟಲ್ಲೂ ಪ್ರತ್ಯಯ ಸೇರಿಸ್ಕೊಂಡು ಓದಿದ್ದು ನಾನು. ಮಕ್ಕಳು ಬರ್ದಿರ್ಲೇ ಇಲ್ಲ!

ಹಿಂದಿನ ಬೆಂಚಿನ ಆ ಹುಡುಗಂದು ಐದೇ ಚೀಟಿಯ ಮ್ಯಾಪು, ಅದ್ರಲ್ಲಿ "ನೀರು → ಆಗುತ್ತದೆ → ಉಪ್ಪು". ಜುಲೈಲಿ ಕೆಂಪು ಪೆನ್ನಲ್ಲಿ ತಪ್ಪು ಹಾಕಿ ಮುಂದೆ ಹೋಗಿದ್ದೆ. ಈಗ ಅವನ್ನ ಕರ್ದು, ಇದನ್ನ ಒಂದು ವಾಕ್ಯ ಮಾಡಿ ಓದು ಮಾರಾಯಾ ಅಂದೆ.

"ನೀರಿಂದ ಉಪ್ಪು ಆಗ್ತದೆ."

ನೀರು ಎಲ್ಲಿ ಹೋಯ್ತು ಹಾಗಾದ್ರೆ?

"ಗಾಳಿಗೆ ಹಾರ್ತದಲ್ಲ ಮೇಡಂ. ಒಂದು ಕಟ್ಟೆಯಿಂದ ಇನ್ನೊಂದು ಕಟ್ಟೆಗೆ ಬಿಡ್ತಾ ಹೋದಂಗೆ ನೀರು ದಪ್ಪ ಆಗ್ತದೆ, ಆಮೇಲೆ ತಳದಲ್ಲಿ ಉಪ್ಪು ಕೂರ್ತದೆ. ಆಳ ಇದ್ರೆ ಆಗೂದಿಲ್ಲ, ಅಗಲ ಬೇಕು. ಮೋಡ ಹಾಕಿದ್ರೆ ಅಪ್ಪ ಬೇಗ ಮನೆಗೆ ಬರ್ತ."

ಅವನ ಅಪ್ಪ ಸಾಣಿಕಟ್ಟಾ ಕಡೆ ಉಪ್ಪಿನಾಗರದಲ್ಲಿ (ಸಮುದ್ರದ ನೀರು ಕಟ್ಟೆಲಿ ನಿಲ್ಸಿ ಒಣಗಿಸಿ ಉಪ್ಪು ತೆಗೆಯೂ ಜಾಗ) ಬೇಸಿಗೆ ಕೆಲಸಕ್ಕೆ ಹೋಗೂದು, ಇದು ನಂಗೆ ಗೊತ್ತೇ ಇರ್ಲಿಲ್ಲ. ಮೇಲ್ಮೈ, ಗಾಳಿ, ಹವೆ, ದ್ರಾವಣ ಗಟ್ಟಿಯಾಗೂದು, ಎಲ್ಲ ಅವನ ಬಾಯಲ್ಲಿತ್ತು, ನನ್ನ ಚೀಟಿಯ ಶಬ್ದ ಮಾತ್ರ ಅವಂದಲ್ಲ.

ಅದೇ ದಿನ ಫಸ್ಟ್ ಬಂದವಳನ್ನೂ ಕರ್ದೆ. ಅವಳ "ನೀರು → ಆಗುತ್ತದೆ → ಆವಿ" ಜೋಡಣೆಗೆ ಪೂರ್ತಿ ಅಂಕ ಕೊಟ್ಟಿದ್ದೆ. ಓದು ಅಂದ್ರೆ "ನೀರು 100 ಡಿಗ್ರಿಗೆ ಕುದಿದು ಆವಿಯಾಗುತ್ತದೆ" ಅಂದ್ಳು. ಕುದಿಯದೆ ಆಗೂದಿಲ್ವಾ ಅಂದೆ. ಇಲ್ಲ ಅಂದ್ಳು, ಗಟ್ಟಿಯಾಗೇ. ಕುದಿಯೂದು ಒಂದು ನಿಗದಿ ತಾಪಮಾನಕ್ಕೆ, ನೀರಿನ ಒಳಗಿಂದ್ಲೂ ಗುಳ್ಳೆ ಎದ್ದು ಆಗೂದು, ಆವಿಯಾಗೂದು ಯಾವ ತಾಪಮಾನದಲ್ಲೂ ಬರೀ ಮೇಲ್ಮೈಯಿಂದ, ಇದೇ ಆ ಪಾಠದ ಜೀವ. "ಆಗುತ್ತದೆ" ಅನ್ನೋ ಒಂದೇ ಶಬ್ದ ಇಬ್ರ ಗೆರೆ ಮೇಲೂ, ನಾನು ಒಬ್ಳಿಗೆ ಸರಿ ಹಾಕಿ ಒಬ್ಬಂಗೆ ತಪ್ಪು ಹಾಕಿದ್ದೆ.

ಅಲ್ಲಿಂದ ಪದ್ಧತಿ ಬದಲಾಯ್ಸಿದೆ. ಮ್ಯಾಪು ಮಾಡಿ, ಆಮೇಲೆ ಅದ್ರಲ್ಲಿ ಮೂರು ಗೆರೆ ನಾನು ಬೆರಳಿಟ್ಟು ತೋರ್ಸೂದು, ಮಗು ವಾಕ್ಯ ಮಾಡಿ ಓದೂದು. ಸುಳ್ಳಾದ್ರೆ 0, ನಿಜ ಆದ್ರೆ ಕಾರಣ ಇಲ್ಲ ಅಂದ್ರೆ 1, ಕಾರಣ ಸಮೇತ ಆದ್ರೆ 2. ಒಬ್ಬರಿಗೆ ಮೂರು ನಿಮಿಷ. 28 ಜನಕ್ಕೆ ಒಂದೂವರೆ ತಾಸು ಆಗ್ತದೆ, ಬಿಸಿಯೂಟದ ಹೊತ್ತು ಮತ್ತೆ ಎರಡು ಪಿ.ಟಿ. ಪಿರಿಯಡ್ ಕದ್ದೆ, ಪಿ.ಟಿ. ಮಾಸ್ತರ್ರು ಈಗ್ಲೂ ನನ್ನ ನೋಡಿದ್ರೆ ವಿಸಿಲ್ ಊದ್ತಾರೆ. ನೊವಾಕ್ ಅವರು ಮಾತಿಂದ ಮ್ಯಾಪಿಗೆ ಬಂದ್ರು, ನಾನು ಮ್ಯಾಪಿಂದ ತಿರುಗಿ ಮಾತಿಗೆ ಹೋದೆ, ನಗು ಬರ್ತದೆ.

ನವೆಂಬರ್

ಎಂತದೂ ಮಾಡ್ಲಿಲ್ಲ. ಸ್ಪೋರ್ಟ್ಸು, ಪ್ರತಿಭಾ ಕಾರಂಜಿ, ಪೇಪರ್ ತಿದ್ದೂದು.

ಜನವರಿ ಕೊನೆ

ಮಕ್ಕಳನ್ನ ಆಗರ ನೋಡುಕೆ ಕರ್ಕೊಂಡು ಹೋದೆ. ಹೋಗೂಕೆ ಮೊದ್ಲು ಚೀಟಿ ಅವರ ಹತ್ರಾನೇ ಬರೆಸ್ದೆ, ಖಾಲಿ ಮದುವೆ ಕಾರ್ಡು ಕೊಟ್ಟು. ಭರತಿ, ಕಟ್ಟೆ, ದಪ್ಪ ನೀರು, ಹರಳು, ಬಡಗಣ ಗಾಳಿ ಎಲ್ಲ ಬಂತು. ಈಗ ಗೈಡು ನಾನಲ್ಲ, ಹಿಂದಿನ ಬೆಂಚಿನವ. ಸಮುದ್ರದ ನೀರು ಒಂದು ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, ಆ ನೀರು ಹತ್ತರಲ್ಲಿ ಒಂದು ಪಾಲಿಗೆ ಇಳಿದ ಮೇಲೇ ಅಡಿಗೆ ಉಪ್ಪಿನ ಹರಳು ಕೂರುಕೆ ಶುರು ಅಂತ ನಾನು ಹೇಳ್ದೆ. ಅವ ಬಗ್ಗಿ ಕಟ್ಟೆ ಅಂಚಿಗೆ ಬೆರಳು ಅದ್ದಿ ನಾಲಿಗೆಗೆ ಇಟ್ಟು "ಇದು ಇನ್ನೂ ಆಗ್ಲಿಲ್ಲ" ಅಂದ.

ತಿರುಗಿ ಬಂದು ಮಾಡಿದ ಮ್ಯಾಪಲ್ಲಿ ಬಲೆ 13, ಚಕ್ರ 6, ಉಳಿದದ್ದು ಸರಪಳಿ. ಆರ್ದ್ರತೆ ಈಗ ಎಂಟೇ ಶೀಟಲ್ಲಿ ಒಂಟಿ. ಚೀಟಿ ಬದಲಾಗಿದ್ದಕ್ಕೆ ಹೀಗಾಯ್ತಾ, ನಿಜವಾಗಿ ತಿಳೀತಾ ಅಂತ ಬೇರ್ಪಡಿಸುಕೆ ನನ್ನ ಹತ್ರ ದಾರಿ ಇಲ್ಲ, ಎರಡನ್ನೂ ಒಟ್ಟಿಗೆ ಬದಲಾಯ್ಸಿದ್ದು ನನ್ನದೇ ತಪ್ಪು. ಮುಂದಿನ ವರ್ಷ ಒಂದೊಂದಾಗಿ. ಫಸ್ಟ್ ಬಂದವಳದ್ದು ಮಾತ್ರ ಈಗ್ಲೂ ಚಕ್ರ, ಆದ್ರೆ ಓದು ಅಂದಾಗ "ಕುದಿಯದೆನೂ ಆಗ್ತದೆ, ಮೇಲಿನ ಕಣ ಮಾತ್ರ ಹೋಗ್ತದೆ" ಅಂದ್ಳು. ಆಕಾರ ನೋಡಿ ತೀರ್ಪು ಕೊಡ್ಬಾರ್ದು ಅಂತ ನನ್ನ ಡೈರಿಲಿ ಎರಡು ಸಲ ಬರ್ಕೊಂಡೆ.

ಫೆಬ್ರವರಿ

ಗೋಡೆಗೆ ಇಡೀ ಕ್ಲಾಸಿಂದು ಒಂದು ದೊಡ್ಡ ಮ್ಯಾಪು ಹಾಕ್ತಿದ್ದೇವೆ, ಎರಡು ಚಾರ್ಟು ಅಂಟ್ಸಿ. ನಿನ್ನೆ ಒಬ್ಳು ಹೊಸ ಚೀಟಿ ಹಿಡ್ಕೊಂಡು ಬಂದ್ಳು, "ಕಹಿ ನೀರು". ಉಪ್ಪು ತೆಗ್ದ ಮೇಲೆ ಕಟ್ಟೆಲಿ ಉಳಿಯೂ ನೀರು ಕಹಿ ಇರ್ತದೆ, ಅದನ್ನ ಹೊರಗೆ ಬಿಡ್ತಾರೆ ಅಂತ ಆಗರದಲ್ಲಿ ಕೇಳಿದ್ಳಂತೆ, ಅದೆಂತ ಮೇಡಂ ಅಂದ್ಳು. ಮೆಗ್ನೀಸಿಯಂ ಲವಣ ಅಂದೆ. "ಹಂಗಾದ್ರೆ ಸಮುದ್ರದಲ್ಲಿ ಇರೂದು ಒಂದೇ ಉಪ್ಪಲ್ಲ" ಅಂದ್ಕೊಂಡು ಚೀಟಿನ ದ್ರಾವಣದ ಹತ್ರ ಇಟ್ಳು, ತೆಗ್ದ್ಳು, ಹರಳಿನ ಹತ್ರ ಇಟ್ಳು, ಕೊನೆಗೆ ಎರಡನೇ ಪಾಠದ "ಮಿಶ್ರಣ" ಬೇಕು ಇದಕ್ಕೆ ಅಂದ್ಳು. ಆ ಕಡೆ ಚಾರ್ಟು ಮುಗ್ದು ಗೋಡೆ ಶುರುವಾಗಿತ್ತು. ಸದ್ಯಕ್ಕೆ ಗೋಡೆಗೇ ಅಂಟ್ಸಿದ್ದಾಳೆ, ಗೆರೆ ಮೇಲೆ ಎಂತ ಬರೆಯೂದು ಅಂತ ಸೋಮವಾರ ಹೇಳ್ತಾಳಂತೆ.