ಬೆನ್ನಿಗಂಟಿದ ಗಾರೆ
ಲಂಡನ್ನಿನ ಹಳೆಯ ಸಾಮಾನುಗಳ ಸಂತೆಯಲ್ಲಿ ಇವತ್ತು ಮಿಂಟನ್ ಕಾರ್ಖಾನೆಯ ಒಂದು ಟೈಲ್ ಕೊಂಡೆ. ಆರಿಂಚಿನ ಚೌಕದಲ್ಲಿ ಷೇಕ್ಸ್‌ಪಿಯರ್ ನಾಟಕದ ಒಂದು ದೃಶ್ಯ. 1870ರ ದಶಕದಲ್ಲಿ ಜಾನ್ ಮೊಯರ್ ಸ್ಮಿತ್ ರಚಿಸಿದ ಮಾಲಿಕೆಯದು. ಚಿತ್ರವನ್ನು ಮೊದಲು ಕಾಗದಕ್ಕೆ ಅಚ್ಚು ಹಾಕಿ, ಅಲ್ಲಿಂದ ಟೈಲಿಗೆ ಇಳಿಸುತ್ತಿದ್ದರು. ಹಾಗಾಗಿಯೇ ಗೆರೆಗಳು ಪುಸ್ತಕದ ಪುಟದಷ್ಟು ಚೂಪು.

ನನಗೆ ಹಿಡಿಸಿದ್ದು ಮಾತ್ರ ಹಿಂಬದಿ. ಯಾವುದೋ ಮನೆಯ ಅಗ್ಗಿಷ್ಟಿಕೆಯ ಅಂಚಿನಿಂದ ಕಿತ್ತದ್ದಿರಬೇಕು, ಗಾರೆ ಇನ್ನೂ ಅಂಟಿಕೊಂಡಿದೆ. ಉಜ್ಜಿ ಕೊಡುತ್ತೇನೆಂದ ಅಂಗಡಿಯವನಿಗೆ ಬೇಡವೆಂದೆ. ಇದರ ಮುಂದೆ ಯಾರು ಯಾರು ಎಷ್ಟು ಚಳಿಗಾಲ ಕಾಲು ಕಾಯಿಸಿಕೊಂಡರೋ! ಈಗ ಮೇಜಿನ ಮೇಲಿದೆ. ಬಿಸಿ ಕಾಫಿ ಲೋಟ ಇಡಲು ಹೇಳಿ ಮಾಡಿಸಿದ ಅಳತೆ. ಇಡಲು ಮನಸ್ಸು ಬರುತ್ತಿಲ್ಲ.